ನೆಗೆಣ್ಣಿಯ ಗರಸು ಹೊಲ

ಹೊಲ ಪಾಲು ಮಾಡುವ ದಿನ ನಮ್ಮ ಅತ್ತೆ ಪಡಸಾಲೆಯಲ್ಲಿ ಕೂತು, ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನನ್ನು ಕೂಗಿ ಕೇಳಿದರು. "ನೀ ಹಿರೇಕಿ ಇದ್ದಿ. ಯಾವ ಹೊಲ ಬೇಕು ಹೇಳು. ಆಮ್ಯಾಲೆ ಅಕಿನ್ನ ಕೇಳ್ತೇನಿ."

ಅಕಿ ಎಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನನ್ನ ಪಕ್ಕದಲ್ಲೇ ನಿಂತಿದ್ದಳು.

ಆ ಕಾಲದಲ್ಲಿ ಹೊಲದ ವಿಷಯಕ್ಕೆ ಸೊಸೆಯನ್ನು ಕೇಳುವ ಮನೆ ನಾನು ಬೇರೆಲ್ಲೂ ನೋಡಲಿಲ್ಲ. ಆದರೆ ಮಾವ ತೀರಿದ ಮೇಲೆ ಎತ್ತು, ಬಿತ್ತನೆ, ಆಳು ಎಲ್ಲವನ್ನೂ ಹನ್ನೆರಡು ವರ್ಷ ಒಬ್ಬರೇ ನೋಡಿಕೊಂಡಿದ್ದವರು ನಮ್ಮ ಅತ್ತೆ. ಅವರ ಎದುರು ಗಂಡುಮಕ್ಕಳಿಬ್ಬರೂ ಬಾಯಿ ತೆರೆಯುತ್ತಿರಲಿಲ್ಲ. ಊರ ಹಿರಿಯರೊಬ್ಬರು, "ಹೆಣ್ಮಕ್ಕಳನ್ನ ಏನ ಕೇಳ್ತೀರಿ?" ಎಂದದ್ದಕ್ಕೆ, "ಹೊಲದಾಗ ಬಗ್ಗೋರು ಅವರು. ನಾಳೆ ಬೈದಾಡೋರೂ ಅವರ. ಅದಕ್ಕ ಕೇಳಾಕತ್ತೇನಿ" ಎಂದುಬಿಟ್ಟರು.

ನಮ್ಮ ಊರು ನಿಂಬರ್ಗಾದಿಂದ ಗುಡ್ಡದ ಕಡೆಗೆ ಹೋಗುವ ಬಂಡಿ ದಾರಿಯಲ್ಲಿದೆ. ನಿಜಾಮರ ಆಳಿಕೆ ಇನ್ನೂ ಗಟ್ಟಿಯಾಗಿದ್ದ ದಿನಗಳು. ನಮಗೆ ಇದ್ದದ್ದು ಎರಡು ಹೊಲ. ಊರ ಕೆಳಗೆ, ಹಳ್ಳದ ದಂಡೆಗೆ, ಒಂದೇ ತುಂಡಿನ, ಕಪ್ಪು ಮಣ್ಣಿನ ಎರೆ ಹೊಲ. ಊರ ಮೇಲೆ, ಗುಡ್ಡದ ಇಳಿಜಾರಿಗೆ, ಅದಕ್ಕಿಂತ ಎರಡು ಪಟ್ಟು ದೊಡ್ಡದಾದ, ಕೆಂಪು ಕಲ್ಲುಮಣ್ಣಿನ ಗರಸು ಹೊಲ. ಅದರಲ್ಲೂ ಅರ್ಧ ಕುರುಚಲು ಕಾಡು. ಸೀತಾಫಲ, ಬಾರಿ ಗಿಡ, ಜಾಲಿ, ಅಲ್ಲೊಂದು ಇಲ್ಲೊಂದು ಬೇವು. ಉಳಿದದ್ದು ಕಾಲಿಟ್ಟರೆ ಕರಕರ ಎನ್ನುವ ಹರಳು.

ನಾನು ಕರಜಗಿ ಕಡೆಯವಳು. ಭೀಮಾ ನದಿಯ ದಂಡೆಯ ಕಪ್ಪು ಮಣ್ಣಿನಲ್ಲಿ ಬೆಳೆದವಳು. ನನ್ನನ್ನು ಈ ಮನೆಗೆ ಕೊಡುವ ಮೊದಲು ನನ್ನಪ್ಪ ಬಂದು ಮನೆ ನೋಡಲಿಲ್ಲ, ವರನನ್ನೂ ಸರಿಯಾಗಿ ನೋಡಲಿಲ್ಲ. ಸೀದಾ ಎರೆ ಹೊಲಕ್ಕೆ ಹೋಗಿ, ಒಂದು ಹೆಂಟೆ ಎತ್ತಿ, ಅಂಗೈಯಲ್ಲಿ ಪುಡಿ ಮಾಡಿ, ಮೂಸಿ, "ಆಗಲಿ, ಕೊಡ್ತೇನಿ" ಎಂದರಂತೆ. ಗುಡ್ಡದ ಹೊಲವನ್ನು ಯಾರೋ ತೋರಿಸಲು ಹೋದರೆ ಆ ಕಡೆ ಮುಖ ತಿರುಗಿಸಲಿಲ್ಲವಂತೆ. ಅಂಥವರ ಮಗಳು ನಾನು.

ನಮ್ಮವರು ಮೆತ್ತನೆಯ ಮನುಷ್ಯ. ಹಿಂದಿನ ದಿನವೇ ನನಗೆ, "ಎರಡೂ ಹೊಲ ಅರ್ಧ ಅರ್ಧ ಮಾಡ್ಕೊಂಡ್ರ ಆತು. ತಮ್ಮನೂ ಅದನ್ನ ಅಂದಾನ" ಎಂದು ಹೇಳಿದ್ದರು. ನಾನು ಒಪ್ಪಿದಂತೆ ತಲೆಯಾಡಿಸಿದ್ದೆ. ಆದರೆ ಅತ್ತೆ ನನ್ನನ್ನೇ ಕೇಳಿದಾಗ ನನ್ನೊಳಗೆ ಅಪ್ಪ ಮಾತಾಡಿದರು.

"ಎರಿ ಹೊಲ ನಮಗಿರ್ಲಿ ಅತ್ತಿ. ಪೂರಾ."

ನಮ್ಮವರು ಬಾಗಿಲ ಕಡೆ ತಿರುಗಿ ನೋಡಿದ್ದು, ಮೈದುನ ತಲೆ ತಗ್ಗಿಸಿದ್ದು ನನಗೆ ಕಂಡಿತು. ಅತ್ತೆ, "ನೀ ಏನಂತಿ?" ಎಂದು ಕಿರಿಯವಳನ್ನು ಕೇಳಿದರು.

ಅವಳು ಆಳಂದದ ಪಡುವಲ ಕಡೆಯ ಗುಡ್ಡದ ಊರಿನವಳು. ಮದುವೆಯಾಗಿ ಎರಡು ವರ್ಷವಾಗಿತ್ತು ಅಷ್ಟೇ. "ನನಗ ಗುಡ್ಡ ನಡೀತದ್ರಿ" ಎಂದಳು. ಅಷ್ಟೇ ಮಾತು. ಅಳಲಿಲ್ಲ, ಮುಖ ಗಂಟು ಹಾಕಲಿಲ್ಲ. ಹುಚ್ಚಿ ಇರಬೇಕು ಎಂದುಕೊಂಡೆ. ಆ ಸಂಜೆ ನಾನು ಒಲೆಯ ಮುಂದೆ ಕೂತು ಹೋಳಿಗೆ ಮಾಡಿದೆ. ಹಬ್ಬ ಇರಲಿಲ್ಲ.

ಮುಂದಿನ ವರ್ಷ ಅವರು ಗುಡ್ಡದ ಹೊಲದಲ್ಲೇ ಎರಡು ಅಂಕಣದ ಮನೆ ಕಟ್ಟಿಕೊಂಡು ಹೋದರು. ಊರ ಮನೆ ನಮಗೆ, ಅತ್ತೆಯೂ ನಮ್ಮ ಜೊತೆ. ಮೊದಲೆರಡು ಸುಗ್ಗಿ ನನ್ನದೇ. ಹಿಂಗಾರಿ ಜೋಳ ಆಳೆತ್ತರ ಬಂತು. ಕಣದಿಂದ ಬಂದ ಹೊಸ ಜೋಳವನ್ನು ಒಂದು ಬುಟ್ಟಿಯಲ್ಲಿ ತುಂಬಿ, ಮೇಲೆ ನೆರೆದ ತೆನೆ ನಾಲ್ಕಿಟ್ಟು, ಗುಡ್ಡಕ್ಕೆ ಕಳಿಸುತ್ತಿದ್ದೆ. ಪ್ರೀತಿಯಿಂದ ಕಳಿಸಿದ್ದಲ್ಲ ಅದು. ಅವಳಿಗೆ ಬಂದದ್ದು ಸಜ್ಜೆ, ಹುರುಳಿ, ಮಡಕಿ ಕಾಳು. ಆ ಬುಟ್ಟಿ ಬರಿದಾಗಿ ಎಂದೂ ವಾಪಸು ಬರಲಿಲ್ಲ. ಬಾರಿ ಹಣ್ಣು ತುಂಬಿಕೊಂಡು ಬರುತ್ತಿತ್ತು.

ಮೂರನೆಯ ಮಳೆಗಾಲದಲ್ಲಿ ನಾನು ಮೊದಲ ಸಲ ಗುಡ್ಡಕ್ಕೆ ಹೋದೆ. ಮಳೆ ಬಿದ್ದು ಒಂದೇ ದಿನವಾಗಿತ್ತು. ನಮ್ಮ ಹೊಲಕ್ಕೆ ನಾಲ್ಕು ದಿನ ಕಾಲಿಡುವಂತಿರಲಿಲ್ಲ. ಎರೆ ಮಣ್ಣು ತೊಯ್ದರೆ ಒಂದೊಂದು ಹೆಜ್ಜೆಗೂ ಎರಡು ಸೇರು ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಎತ್ತು ಹೂಡಿದರೆ ಎತ್ತೇ ಹೂತುಹೋಗುತ್ತದೆ. ಇಲ್ಲಿ ನೋಡಿದರೆ ನನ್ನ ನೆಗೆಣ್ಣಿ ಆಗಲೇ ಕೂರಿಗೆ ಹಿಡಿದಿದ್ದ ಗಂಡನ ಹಿಂದೆ ಬೀಜ ಬಿಡುತ್ತ ನಡೆದಿದ್ದಳು. ಅವಳ ಅಂಗಾಲು ತೊಳೆದಿಟ್ಟ ಹಾಗೆ ಇತ್ತು.

"ಬರ್ರಿ ಅಕ್ಕಾ, ಬರ್ರಿ. ದಾರಿ ತಪ್ಪಿ ಬಂದ್ರೇನು?" ಎಂದಳು.

"ಈ ಕಲ್ಲೆಲ್ಲಾ ಆರಿಸಿ ಹಾಕಬಾರದೇನ್ಬೇ? ಬೀಜ ಹ್ಯಾಂಗ ಹುಟ್ಟತಾವ ಇದರಾಗ?" ಎಂದೆ. ನಿಜವಾಗಿ ಕೇಳಿದ್ದಲ್ಲ, ಚುಚ್ಚಿದ್ದು.

ಅವಳು ಬಗ್ಗಿ, ನೆಲದ ಮೇಲಿನ ಒಂದು ಚಪ್ಪಟೆ ಕಲ್ಲು ಎತ್ತಿದಳು. ಮೇಲೆ ಬಿಸಿಲಿಗೆ ಆಗಲೇ ಒಣಗಿದ್ದ ಕಲ್ಲಿನ ಹೊಟ್ಟೆ ತಣ್ಣಗೆ ತೇವವಾಗಿತ್ತು. ಅದರಡಿಯ ಮಣ್ಣು ಕಂದುಗಪ್ಪಾಗಿ, ಸಡಿಲವಾಗಿ, ಬೆರಳು ಚುಚ್ಚಿದರೆ ಸಲೀಸಾಗಿ ಇಳಿಯುವ ಹಾಗಿತ್ತು. ಕಲ್ಲುಗಳ ಸಂದಿಯಲ್ಲಿ ಹಳೆಯ ಬೆಳೆಯ ಬೇರು ನೂಲಿನಂತೆ ಹೆಣೆದುಕೊಂಡಿದ್ದವು.

"ದೊಡ್ಡ ಗುಂಡು ಅಷ್ಟ ತಗೀತೇವ್ರಿ. ಸಣ್ಣ ಹರಳು ತಗಿಯಂಗಿಲ್ಲ. ಹರಳು ಮ್ಯಾಲ ಇದ್ರ ಹಸಿ ಆರಂಗಿಲ್ಲ, ಮಳಿ ಹೊಡತಕ್ಕ ಮಣ್ಣೂ ಹೋಗಂಗಿಲ್ಲ. ನಮ್ಮ ಊರಾಗ ಒಬ್ಬಾಂವ ಶಾಣ್ಯಾ ಎಲ್ಲಾ ಆರಿಸಿ ಹಾಕಿದ್ದ. ಎರಡ ವರ್ಷದಾಗ ಅವನ ಹೊಲ ತೊಳಕೊಂಡು ಹಳ್ಳಕ್ಕ ಹೋತು."

ತೆಗೆದ ದೊಡ್ಡ ಕಲ್ಲುಗಳನ್ನು ಇಳಿಜಾರಿಗೆ ಅಡ್ಡವಾಗಿ ಸಾಲು ಸಾಲು ಜೋಡಿಸಿದ್ದಳು. ಒಂದೊಂದು ಸಾಲಿನ ಹಿಂದೆಯೂ ಗುಡ್ಡದಿಂದ ಬಂದ ಎಲೆ, ಮೇಕೆ ಹಿಕ್ಕೆ, ಸಣ್ಣ ಮಣ್ಣು ತಡೆದು ನಿಂತಿತ್ತು. ಮೇಲಿನ ಕಾಡಿನಲ್ಲಿ ಒಂದು ಗಿಡವನ್ನೂ ಕಡಿದಿರಲಿಲ್ಲ. ಆ ಗಿಡಗಳ ಬುಡದಲ್ಲಿ ನಾಲ್ಕು ಬೆರಳು ಕಪ್ಪು ಮಣ್ಣು, ಅದರ ಕೆಳಗೆ ಕೆಂಪು ಗರಸು, ಅದಕ್ಕೂ ಕೆಳಗೆ ಗುದ್ದಲಿಗೆ ಪುಡಿಯಾಗುವ ಮೆದು ಕಲ್ಲು. ಅವಳು ಇದನ್ನೆಲ್ಲ ನನಗೆ ತೋರಿಸುತ್ತಾ ಹೋದಳು, ಹೊಸ ಸೀರೆಯ ಮಡಿಕೆ ಬಿಚ್ಚಿ ತೋರಿಸುವವರ ಹಾಗೆ. ನನಗೆ ಆ ಹೊಲಕ್ಕಿಂತ ಅವಳ ಮುಖ ನೋಡಿ ಹೊಟ್ಟೆ ಉರಿಯಿತು. ನನ್ನ ಎರೆ ಹೊಲದ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಕಪ್ಪು, ಅದು ನನ್ನದು, ಇಷ್ಟೇ.

ಮನೆಗೆ ಬಂದು ನಮ್ಮವರಿಗೆ, "ಕಲ್ಲಿನ್ಯಾಗ ಕುಂತು ಅಕಿಗೆ ಹುಚ್ಚ ಹಿಡದದ" ಎಂದೆ.

ಆಮೇಲೆ ಶೇಂಗಾ ಬಂತು. ಆ ವರ್ಷಗಳಲ್ಲಿ ನಮ್ಮ ಕಡೆ ಶೇಂಗಾ ಬೆಳೆಯುವವರು ಕಡಿಮೆ. ಮೈದುನ ಸೊಲ್ಲಾಪುರದ ಕಡೆಯಿಂದ ಬೀಜ ತಂದು ಗರಸಿನಲ್ಲಿ ಹಾಕಿದ. ಸುದ್ದಿ ಕೇಳಿ ನಾನೂ ಹಟ ಹಿಡಿದು ನಮ್ಮವರಿಂದ ಬೀಜ ತರಿಸಿ ಎರೆ ಹೊಲದ ಒಂದು ಮಗ್ಗುಲಿಗೆ ಹಾಕಿಸಿದೆ. "ಎರಿಗೆ ಅದು ಕೂಡಂಗಿಲ್ಲ" ಎಂದು ಅತ್ತೆ ಹೇಳಿದರು. "ಗರಸಿನ್ಯಾಗ ಬರೋದು ಎರಿಯೊಳಗ ಯಾಕ ಬರಂಗಿಲ್ಲ?" ಎಂದೆ. ಬಳ್ಳಿ ಹಸಿರಾಗಿ ಹಬ್ಬಿತು. ಅವಳ ಬಳ್ಳಿಗಿಂತ ನನ್ನದು ದೊಡ್ಡದು. ದಿನಾ ಹೋಗಿ ನೋಡಿ ಬರುತ್ತಿದ್ದೆ.

ಕೀಳುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ನನ್ನ ಹೊಲ ಒಣಗಿ ಕಬ್ಬಿಣವಾಗಿತ್ತು. ಬಳ್ಳಿ ಹಿಡಿದು ಎಳೆದರೆ ಬಳ್ಳಿ ಕೈಗೆ ಬಂತು, ಕಾಯಿ ನೆಲದಲ್ಲೇ ಉಳಿಯಿತು. ಕುಡುಗೋಲಿನಿಂದ ಕೆದರಿ ಕೆದರಿ ತೆಗೆಯಬೇಕಾಯಿತು. ಎರಡನೆಯ ದಿನ ಕೂಲಿಗೆ ಬರುವ ಹೆಂಗಸರು ಯಾರೂ ಬರಲಿಲ್ಲ. ಅವರ ಗುಂಪಿನ ಹಿರಿಯವಳು ದಾರಿಯಲ್ಲಿ ಸಿಕ್ಕಾಗ ಕೇಳಿದೆ.

"ಯಾಕ್ಬೇ, ಬರಲಿಲ್ಲ?"

"ನಿಮ್ಮ ಹೊಲದಾಗ ಉಗುರು ಮುರೀತಾವ್ರಿ ಅವ್ವಾರ. ಗುಡ್ಡದ ಮ್ಯಾಲ ಹೊಂಟೇವಿ. ಅಲ್ಲಿ ಹಿಡದು ಎತ್ತಿದ್ರ ಸಾಕು, ಗೊಂಚಲ ಗೊಂಚಲ ಬರ್ತದ. ಝಾಡಿಸಿದ್ರ ಮಣ್ಣೂ ಉಳಿಯಂಗಿಲ್ಲ."

ನಾನು ಗುಡ್ಡಕ್ಕೆ ಹೋಗಿ ನೋಡಬಾರದೆಂದು ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಹೋದೆ. ಅವಳ ಅಂಗಳದಲ್ಲಿ ಶೇಂಗಾ ರಾಶಿ ಬಿದ್ದಿತ್ತು. ತೊಳೆದ ಹಾಗೆ ಹೊಂಬಣ್ಣದ ಸಿಪ್ಪೆ. ನನ್ನ ಮನೆಯಲ್ಲಿದ್ದ ಕಾಯಿ ಕಪ್ಪು ಮೆತ್ತಿಕೊಂಡು ಇಲಿ ಹಿಕ್ಕೆಯಂತೆ ಇತ್ತು. ಅವಳು ಸೆರಗಿನ ತುಂಬ ಕಾಯಿ ತುಂಬಿಕೊಂಡು ಬಂದು ನನ್ನ ಉಡಿಗೆ ಸುರಿದಳು. ದಾರಿಯುದ್ದಕ್ಕೂ ಅದನ್ನು ಹೊತ್ತುಕೊಂಡು ಬರುವಾಗ ಹಳ್ಳಕ್ಕೆ ಚೆಲ್ಲಿಬಿಡಲೇ ಎಂದು ಎರಡು ಸಲ ನಿಂತೆ. ಚೆಲ್ಲಲಿಲ್ಲ. ಮನೆಗೆ ಬಂದು ಹುರಿದು ತಿಂದೆ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಅತ್ತೆಯದು. ನಮ್ಮ ಅಂಗಳದ ಬಾವಿಯ ನೀರು ಸವುಳು. ಎರೆ ನೆಲದ ಬಾವಿಗಳೆಲ್ಲ ಹಾಗೆಯೇ. ಎಷ್ಟು ಕುದಿಸಿದರೂ ತೊಗರಿ ಬೇಳೆ ಕಟಕಟ ಎನ್ನುತ್ತಿತ್ತು. ಗುಡ್ಡದಲ್ಲಿ ಅವರು ಮೆದು ಕಲ್ಲು ಒಡೆದು ತೋಡಿದ ಬಾವಿಯಲ್ಲಿ ಸಿಹಿ ನೀರು ಬಂದಿತ್ತು. ಅತ್ತೆಗೆ ಮಳೆಗಾಲದಲ್ಲಿ ಮೊಣಕಾಲು ಹಿಡಿಯುತ್ತಿತ್ತು. ನಮ್ಮ ಮನೆಯ ನೆಲ ನಾಲ್ಕು ತಿಂಗಳು ತಣ್ಣಗೆ ಬೆವರುತ್ತಿತ್ತು. ಒಂದು ಮಳೆಗಾಲ, "ಎರಡು ತಿಂಗಳು ಗುಡ್ಡಕ್ಕ ಹೋಗಿ ಬರ್ತೇನಿ. ಅಲ್ಲಿ ನೆಲ ಬೆಚ್ಚಗ ಇರ್ತದ" ಎಂದು ಹೊರಟರು. ದೀಪಾವಳಿಗೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಸಂಕ್ರಾಂತಿಗೆ ಬಂದು ಎಳ್ಳು ಹಂಚಿ ಅದೇ ಸಂಜೆ ಹೋದರು.

ಊರ ಹೆಂಗಸರು ನನ್ನನ್ನು ಕೇಳುತ್ತಿದ್ದರು, "ಅತ್ತಿ ಎಲ್ಲಿ?" ನಾನು, "ಗುಡ್ಡದ ಗಾಳಿ ಛಲೋ ಅಂತ ಹೋಗ್ಯಾರ" ಎನ್ನುತ್ತಿದ್ದೆ. ಒಬ್ಬಳಂತೂ, "ಅಲ್ಲಿ ಬ್ಯಾಳಿ ಬೆಣ್ಣಿ ಹಂಗ ಬೇಯ್ತದಂತ" ಎಂದಳು. "ನಮ್ಮಲ್ಲೂ ಹಂಗ ಬೇಯ್ತದ" ಎಂದು ಸುಳ್ಳು ಹೇಳಿದೆ. ಆ ದಿನ ಬೇಳೆಯನ್ನು ರುಬ್ಬಿ ಹಾಕಿ ಸಾರು ಮಾಡಿದೆ.

ಹೀಗಿರುವಾಗ ಒಂದು ಬೇಸಿಗೆಯ ಬೆಳಗ್ಗೆ ನನ್ನ ನೆಗೆಣ್ಣಿ ಖಾಲಿ ಬಂಡಿ ಹೊಡೆಸಿಕೊಂಡು ನಮ್ಮ ಬಾಗಿಲಿಗೆ ಬಂದಳು. ನಮ್ಮವರು ಊರಲ್ಲಿರಲಿಲ್ಲ, ಎತ್ತಿನ ಸಂತೆಗೆ ಹೋಗಿದ್ದರು.

"ಅಕ್ಕಾ, ನಿಮ್ಮ ಹಳ್ಳದ ದಂಡಿಗೆ ಕುಸಿದ ಎರಿ ಮಣ್ಣು ಬಿದ್ದದ ನೋಡ್ರಿ, ಅದು ಹತ್ತು ಬಂಡಿ ಬೇಕಾಗಿತ್ರಿ. ಬಾವಿ ಮಗ್ಗಲಿಗೆ ಮೆಣಸಿನ ಮಡಿ ಮಾಡಬೇಕಂತೇನಿ. ನಮ್ಮ ಗರಸು ನೀರು ಕುಡೀತದ, ಹಿಡಿಯಂಗಿಲ್ಲ. ಮುಂಜಾನೆ ಹಾಕಿದ ನೀರು ಮಧ್ಯಾಹ್ನಕ್ಕ ಪಾತಾಳಕ್ಕ. ಜರಾ ಎರಿ ಕೂಡಿಸಿದ್ರ ನಿಂದರ್ತದ."

ಎಷ್ಟೋ ವರ್ಷಕ್ಕೆ ಅವಳ ಬಾಯಿಂದ ಅವಳ ಮಣ್ಣಿನ ಕೊರತೆ ಕೇಳಿದೆ. ಕಿವಿಗೆ ಹಾಲು ಹೊಯ್ದ ಹಾಗಾಯಿತು. ಅವಳು ಕೇಳಿದ್ದು ಹೊಲದಿಂದ ಜಾರಿ ಹಳ್ಳಕ್ಕೆ ಬಿದ್ದಿದ್ದ ಮಣ್ಣು. ಮುಂದಿನ ಮಳೆಗೆ ಹರಿದು ಹೋಗುವಂಥದ್ದು. ನಮಗೆ ಏನೂ ಕೆಲಸಕ್ಕಿರಲಿಲ್ಲ.

"ಇವರು ಬ್ಯಾಡ ಅಂದಾರ್ಬೇ" ಎಂದೆ. "ಹೊಲದ ಮಣ್ಣು ಹೊರಗ ಹೋಗಬಾರದು ಅಂತ ಹೇಳಿ ಹೋಗ್ಯಾರ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹೌದ್ರಿ?" ಎಂದಳು. ನೀರು ಕುಡಿದಳು. ಬಂಡಿ ತಿರುಗಿಸಿಕೊಂಡು ಹೋದಳು. ಖಾಲಿ ಬಂಡಿಯ ಸದ್ದು ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಆ ಮಳೆಗೆ ಹಳ್ಳ ಬಂದು ಆ ಮಣ್ಣನ್ನೆಲ್ಲ ಬಳಿದುಕೊಂಡು ಹೋಯಿತು.

ಅವಳು ಈ ಮಾತನ್ನು ತನ್ನ ಗಂಡನಿಗೆ, ಅತ್ತೆಗೆ, ನಮ್ಮವರಿಗೆ ಯಾರಿಗಾದರೂ ಹೇಳುತ್ತಾಳೆ, ದೊಡ್ಡ ಜಗಳ ಆಗುತ್ತದೆ ಎಂದು ಕಾದೆ. ಜಗಳಕ್ಕೆ ಬೇಕಾದ ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಯಾರೂ ಏನೂ ಕೇಳಲಿಲ್ಲ.

ಅದಾದ ಮರುವರ್ಷ ಮಳೆ ಬಹಳ ಬಂತು. ನಮ್ಮ ಹೊಲದ ತೊಗರಿ, ಬುಡದಲ್ಲಿ ನೀರು ನಿಂತು ಕೊಳೆಯಿತು. ಗುಡ್ಡದಲ್ಲಿ ಎಷ್ಟು ಸುರಿದರೂ ಇಳಿದುಹೋಗಿ ಅವಳ ತೊಗರಿ ಹೂವಾಯಿತು ಎಂದು ಕೇಳಿದೆ. ಬೇಸಿಗೆ ಬಂದಾಗ ನಮ್ಮ ನೆಲ ಗೇಣಗಲ ಬಿರಿಯಿತು. ಎರೆ ನೆಲ ಹಾಗೆಯೇ. ತೊಯ್ದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಆ ವರ್ಷದ ಉಬ್ಬು ಕುಗ್ಗಿಗೆ ನಮ್ಮ ಮನೆಯ ಪಡುವಲ ಗೋಡೆ ಬುಡದಿಂದ ಮಾಳಿಗೆಯವರೆಗೆ ಬಾಯಿಬಿಟ್ಟಿತು. ನನ್ನ ಕೈ ಸಲೀಸಾಗಿ ಹೋಗುವಷ್ಟು ಸಂದಿ. ಒಂದು ಮಧ್ಯಾಹ್ನ ಅಡುಗೆ ಮನೆಯ ಮೂಲೆ ಕುಸಿದು, ಬಿಂದಿಗೆಗಳ ಸಾಲು ಮಣ್ಣಿನಡಿ ಹೋಯಿತು. ನಾನು ಅಂಗಳದಲ್ಲಿದ್ದೆ, ಬದುಕಿಕೊಂಡೆ.

ನಮ್ಮವರು ಜೇವರ್ಗಿ ಕಡೆಯ ಒಬ್ಬ ಗೌಂಡಿಯನ್ನು ಕರೆಸಿದರು. ಕಲ್ಲು ಕಟ್ಟುವುದರಲ್ಲಿ ಹೆಸರು ಮಾಡಿದ್ದ ವಯಸ್ಸಾದ ಮನುಷ್ಯ. ಆತ ಗೋಡೆಯನ್ನು ನೋಡಲೇ ಇಲ್ಲ. ಬುಡದಲ್ಲಿ ಹಾರೆಯಿಂದ ನಾಲ್ಕು ಸಲ ಹೊಡೆದು ಎದ್ದು ನಿಂತ.

"ಗ್ವಾಡಿದು ತಪ್ಪಿಲ್ರಿ. ಬುಡದಾಗ ಎರಿ ಹಂಗ ಬಿಟ್ಟಾರ. ನಮ್ಮ ಜೇವರ್ಗಿ ಕಡಿ ಎಲ್ಲಾ ಎರೀನ, ನಮಗ ಗೊತ್ತದ. ಆಳುದ್ದ ಎರಿ ತಗದು ಒಗೀರಿ. ಅದರಾಗ ಗರಸು ತುಂಬರಿ, ನೀರು ಹೊಡದು, ಬಡದು ಬಡದು ಧಮ್ಮಸ ಮಾಡ್ರಿ. ಗರಸು ಉಬ್ಬಂಗಿಲ್ಲ, ಕುಗ್ಗಂಗಿಲ್ಲ. ಅದರ ಮ್ಯಾಲ ಕಟ್ಟಿದ್ದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಂದಂಗಿಲ್ಲ."

"ಗರಸು ಎಲ್ಲಿಂದ ತರೋದು?" ಎಂದೆ. ಗೊತ್ತಿದ್ದೇ ಕೇಳಿದೆ.

ಆತ ಗುಡ್ಡದ ಕಡೆ ಗದ್ದ ಎತ್ತಿ ತೋರಿಸಿದ. "ಅಲ್ಲಿ ಅದಲ್ರಿ, ಬೇಕಾದಷ್ಟು. ಅದು ಯಾರದು?"

ನಮ್ಮವರು ತಕ್ಷಣ, "ನಮ್ಮ ತಮ್ಮಂದು. ನಾಳೆ ಹೋಗಿ ಹೇಳಿ ಬರ್ತೇನಿ" ಎಂದರು. ಅವರು ಹೋದರೆ ನನ್ನ ಸುಳ್ಳು ಬಯಲಿಗೆ ಬರುತ್ತದೆ. "ನೀವು ಬ್ಯಾಡ್ರಿ, ನಾ ಹೋಗ್ತೇನಿ" ಎಂದೆ. ಅವರಿಗೆ ಆಶ್ಚರ್ಯವಾಯಿತು.

ಗುಡ್ಡ ಹತ್ತುವಾಗ ಏನು ಹೇಳಬೇಕೆಂದು ನನಗೆ ತಿಳಿದಿರಲಿಲ್ಲ. ಅವಳು ಬಾವಿಯ ಹತ್ತಿರ ಒಬ್ಬಳೇ ಇದ್ದಳು. ಪಕ್ಕದಲ್ಲಿ ಮಾಡಿದ್ದ ಮೆಣಸಿನ ಮಡಿಗಳು ಅರ್ಧ ಒಣಗಿದ್ದವು. ನಿಂತಲ್ಲೇ ಹೇಳಿದೆ. ಗೋಡೆ ಬಿದ್ದದ್ದು, ಗೌಂಡಿ ಅಂದದ್ದು, ಗರಸು ಬೇಕಾದದ್ದು. ಆಮೇಲೆ ಉಳಿದದ್ದನ್ನೂ ಹೇಳಿದೆ.

"ಆವತ್ತು ಎರಿ ಮಣ್ಣು ಕೇಳಾಕ ಬಂದಿದ್ದಿ. ಅವರೇನೂ ಬ್ಯಾಡ ಅಂದಿದ್ದಿಲ್ಲ. ಸುಳ್ಳು ಹೇಳಿದ್ದೆ."

"ಗೊತ್ತದ್ರಿ" ಎಂದಳು. "ಭಾವನೋರು ಅಂಥಾ ಮಾತು ಆಡೋರಲ್ಲ."

"ಮತ್ತ ಯಾಕ ಯಾರ ಮುಂದೂ ಹೇಳಲಿಲ್ಲ?"

"ಹೇಳಿದ್ರ ನಿಮಗ ಖುಷಿ ಆಗ್ತಿತ್ತು. ಜಗಳಕ್ಕ ತಯಾರಾಗಿ ಕುಂತಿದ್ರಿ. ನಾ ಯಾಕ ಕೊಡಲಿ ಅದನ್ನ?"

ನಾನು ಅವಳನ್ನು ಅಲ್ಲಿಯವರೆಗೆ ಸಾಧು ಎಂದುಕೊಂಡಿದ್ದೆ. ಆ ಮಾತು ಕೇಳಿ ಕೆನ್ನೆಗೆ ಹೊಡೆದಂತಾಯಿತು. ಅದರ ಜೊತೆಗೆ ಎಲ್ಲೋ ಒಂದು ಕಡೆ ಹಗುರವೂ ಆಯಿತು.

"ಎಷ್ಟು ಬಂಡಿ ಬೇಕ್ರಿ?" ಎಂದಳು.

"ಎಷ್ಟೋ ಗೊತ್ತಿಲ್ಲ. ಭಾಳ ಬೇಕಾಗ್ತದ."

"ತಗೊಂಡು ಹೋಗ್ರಿ. ಆದ್ರ ಎರಡ ಮಾತು. ಗಿಡದ ಬುಡದ ಗರಸು ಮುಟ್ಟಬ್ಯಾಡ್ರಿ. ಆ ನಾಲ್ಕು ಬೆರಳು ಮಣ್ಣು ಆಗಾಕ ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಎಲಿ ಉದುರ್ಯಾವ. ಕೆಳಗ ಕೊರಕಲು ಅದಲ್ರಿ, ಅಲ್ಲಿಂದ ಅಗೀರಿ. ಇನ್ನೊಂದು, ಬರೂ ಬಂಡಿ ಒಂದೂ ಖಾಲಿ ಬರಬಾರದು. ನಿಮ್ಮ ಬುನಾದಿದಾಗ ತಗದ ಎರಿ ತುಂಬಿಕೊಂಡ ಬರಬೇಕು."

ಹೀಗೆ ಆ ಬೇಸಿಗೆ ಪೂರ್ತಿ ನಮ್ಮ ಎರಡು ಬಂಡಿಗಳು ಎರೆ ಹೊತ್ತು ಹತ್ತಿದವು, ಗರಸು ಹೊತ್ತು ಇಳಿದವು. ನಾನೂ ಕೊರಕಲಿನಲ್ಲಿ ಬುಟ್ಟಿ ತುಂಬಿದೆ. ಗುದ್ದಲಿ ಹೊಡೆದರೆ ಕಿಡಿ ಹಾರುವ ಆ ನೆಲ ನನ್ನ ಅಂಗೈಯ ಚರ್ಮ ಸುಲಿಯಿತು. ಅವಳು ನನ್ನ ಜೊತೆ ಅಗೆಯುತ್ತ, ಬಂದ ಎರೆಯನ್ನು ಮಡಿಗಳಲ್ಲಿ ಗರಸಿನ ಜೊತೆ ಕಲಸುತ್ತ, ನನಗಿಂತ ಎರಡು ಪಟ್ಟು ದುಡಿದಳು. ಗೋಡೆ ಎದ್ದಿತು. ಒಳಗಿನ ನೆಲಕ್ಕೂ ಗರಸು ಹಾಕಿ ಬಡಿದರು. ಮುಂದಿನ ಮಳೆಗಾಲದಲ್ಲಿ ನೆಲ ಬೆವರಲಿಲ್ಲ.

ಅವಳ ಮೆಣಸಿನ ಮಡಿ ಮಾತ್ರ ಹೇಗೆ ಬಂತೆಂದರೆ, ನರೋಣಾ ಕಡೆಯಿಂದಲೂ ಜನ ಬಂದು ಕೇಳಿಕೊಂಡು ಹೋಗುತ್ತಿದ್ದರು. ನನ್ನ ಮಣ್ಣಿನಿಂದ ಆದದ್ದು ಅದು ಎಂದು ನಾನು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಬೆಚ್ಚಗಿನ ನೆಲ ಆಯಿತು ಎಂದ ಮೇಲೆ ನಾನೇ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದೆ. ಇನ್ನು ಇವರು ಹೋಗುವುದಕ್ಕೆ ಯಾವ ಕಾರಣವೂ ಉಳಿದಿಲ್ಲ ಎಂದುಕೊಂಡೆ. ಕುಡಿಯಲು, ಬೇಳೆ ಬೇಯಿಸಲು ದಿನಾ ಎರಡು ಕೊಡ ಗುಡ್ಡದ ನೀರನ್ನೇ ತರಿಸಿದೆ. ಹೊಸ ಕೌದಿ ಹೊಲಿಸಿ ಹಾಸಿದೆ. ಬೆಳಗ್ಗೆ ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಒಂದು ತಿಂಗಳಾಯಿತು. ಒಂದು ಬೆಳಗ್ಗೆ ಅತ್ತೆ ಸೀರೆ ಗಂಟು ಕಟ್ಟಿ ಪಡಸಾಲೆಯಲ್ಲಿ ಕೂತಿದ್ದರು.

"ಬಂಡಿ ಹೂಡ್ಸು. ಗುಡ್ಡಕ್ಕ ಹೋಗ್ತೇನಿ."

ನನ್ನ ಕೈಯಲ್ಲಿದ್ದ ಕೊಡ ಕೆಳಗಿಟ್ಟೆ. ಆಳು ಎತ್ತು ತಂದು ನೊಗಕ್ಕೆ ಕಟ್ಟಿದ. ಅತ್ತೆ ಬಂಡಿಯ ಹತ್ತಿರ ಹೋಗಿ ಗಾಲಿಯ ನಡುವಿನ ಗುಂಬದ ಮೇಲೆ ಕೈ ಇಟ್ಟಾಗ ಕೇಳಿದೆ. "ನೆಲ ಬೆಚ್ಚಗ ಮಾಡಿಸೇನಿ. ನೀರು ತರಿಸ್ತೇನಿ. ಏನ ಕಮ್ಮಿ ಆಗ್ಯಾದ ಹೇಳ್ರಿ ಅತ್ತಿ."

"ಏನೂ ಕಮ್ಮಿ ಇಲ್ಲ. ಬ್ಯಾಸರ ಬರ್ತದ ಇಲ್ಲಿ."

"ಬ್ಯಾಸರ?"

"ಅಕಿ ನನ್ನ ಕೂಡ ದಿನಾ ಜಗಳಾಡ್ತಾಳ. ಉಪ್ಪು ಹೆಚ್ಚಾತಂದ್ರ ನೀವ ಮಾಡ್ಕೋರಿ ಅಂತಾಳ. ನಾನೂ ಬೈತೇನಿ. ಮತ್ತ ಕೂಡಿ ಉಣ್ತೇವಿ. ನೀ ಏನಂದ್ರೂ ಹೂನ್ರಿ ಅಂತಿ. ಒಳಗೊಳಗ ಏನೋ ಕುದಿಸ್ತಿರ್ತಿ. ನಿನ್ನ ಕೂಡ ಕುಂತ್ರ ಬೀಗರ ಮನ್ಯಾಗ ಕುಂತಂಗ ಆಗ್ತದ."

ಎಂಟು ವರ್ಷ ನಾನು ನೆಲವನ್ನು ಬೈದಿದ್ದೆ, ನೀರನ್ನು ಬೈದಿದ್ದೆ, ಹರಳನ್ನು ಬೈದಿದ್ದೆ. ಈಗ ಓಣಿಯ ನಡುವೆ, ಆಳಿನ ಎದುರು, ನನ್ನ ಬಾಯಿ ತಾನಾಗಿ ತೆರೆಯಿತು.

"ಹೌದು, ಕುದಸ್ತೇನಿ! ನಿಮ್ಮ ಸಲುವಾಗೇ ಕುದಸ್ತೇನಿ! ಎರಿ ನನಗ ಕೊಟ್ರಿ, ನೀವು ಅಕಿ ಕಡಿ ಹೋದ್ರಿ. ಅಕಿ ಶೇಂಗಾ ಛಲೋ, ಅಕಿ ನೀರು ಛಲೋ, ಅಕಿ ಬ್ಯಾಳಿ ಛಲೋ. ಊರಾಗ ಯಾರರ ನನ್ನ ಜ್ವಾಳ ಛಲೋ ಅದ ಅಂದಾರೇನು? ನೀವರ ಒಂದಿನ ಅಂದೀರೇನು? ಅಕಿನ್ನ ಕಂಡ್ರ ಹೊಟ್ಟಿ ಉರೀತದ ನನಗ. ಆವತ್ತ ಪಾಲು ಕೇಳಿದಾಗ ನನ್ನ ಬಾಯಿಗೆ ಬಡದು ಕುಂಡ್ರಸಬೇಕಿತ್ತು ನೀವು!"

ಪಕ್ಕದ ಮನೆಯ ಹೆಂಗಸು ಮೊರ ಹಿಡಿದು ಹೊರಗೆ ಬಂದು ನಿಂತಳು. ನಾನು ಇನ್ನೂ ಏನೇನೋ ಅಂದೆ. ಈಗ ನೆನಪಿಲ್ಲ. ಕೊನೆಗೆ ಉಸಿರು ಸಾಲದೆ ನಿಂತೆ. ಅತ್ತೆ ಗುಂಬದ ಮೇಲಿನ ಕೈ ತೆಗೆದಿರಲಿಲ್ಲ. ನನ್ನನ್ನು ಆ ದಿನ ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು.

"ಜ್ವಾಳ ಛಲೋ ಅದ" ಎಂದರು. "ನಿನ್ನ ಬಿಳಿ ಜ್ವಾಳದ ರೊಟ್ಟಿ ಆ ಗುಡ್ಡದಾಗ ಸಿಗಂಗಿಲ್ಲ. ಆದ್ರ ನೀ ರೊಟ್ಟಿ ದಪ್ಪ ಬಡೀತಿ."

"ತೆಳ್ಳಗ ಬೇಕಾದ್ರ ನೀವ ಬಡೀರಿ!"

ಅತ್ತೆ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ಆಳಿನ ಕಡೆ ತಿರುಗಿ, "ಎತ್ತು ಬಿಡಲೇ, ಇವತ್ತ ಹೋಗಂಗಿಲ್ಲ" ಎಂದರು. ಒಳಗೆ ಬಂದು ರೊಟ್ಟಿ ಬಡಿಯುವ ಕೊಣಮಿಗೆ ಎಳೆದುಕೊಂಡು ತಾವೇ ಹಿಟ್ಟು ನಾದಿದರು. ಆ ದಿನ ಮಧ್ಯಾಹ್ನದವರೆಗೂ ನಾವು ರೊಟ್ಟಿಯ ದಪ್ಪಕ್ಕೆ, ಆಮೇಲೆ ಹತ್ತು ವರ್ಷದ ಹಿಂದಿನ ಒಂದು ಹಬ್ಬದ ಸೀರೆಗೆ ಜಗಳಾಡಿದೆವು.

ಅಲ್ಲಿಂದ ಮುಂದೆ ಅವರು ಇರುವಷ್ಟು ಕಾಲ ಮಳೆಗಾಲ ಗುಡ್ಡದಲ್ಲಿ, ಸುಗ್ಗಿ ನನ್ನಲ್ಲಿ. ಹೋಗುವಾಗ ಬರುವಾಗ ಎರಡು ಮನೆಯಲ್ಲೂ ಬೈದೇ ಹೋಗುತ್ತಿದ್ದರು. ನೆಗೆಣ್ಣಿಯೂ ನಾನೂ ಬಾಯಿಬಿಟ್ಟು ಜಗಳಾಡುವುದನ್ನು ಕಲಿತೆವು. ಅವಳು ನನ್ನ ಎರೆಯನ್ನು ಅಂಟು ಎಂದಳು, ನಾನು ಅವಳ ಗರಸನ್ನು ಸೋರುವ ಮಡಿಕೆ ಎಂದೆ.

ಹೊಟ್ಟೆಕಿಚ್ಚು ಹೋಯಿತು ಎಂದರೆ ಸುಳ್ಳಾಗುತ್ತದೆ. ಈಗಲೂ ದೊಡ್ಡ ಮಳೆ ಬಿದ್ದ ಮರುದಿನ, ನನ್ನ ಹೊಲದ ಅಂಚಿನಲ್ಲಿ ಕಾಲಿಡಲಾಗದೆ ನಿಂತಿರುವಾಗ, ಗುಡ್ಡದ ಮೇಲೆ ಅವರ ಎತ್ತುಗಳು ಹೊರಟದ್ದು ಕಂಡರೆ ಮನಸ್ಸು ಕಹಿಯಾಗುತ್ತದೆ. ಮನೆಗೆ ಬಂದು ಯಾರ ಮೇಲಾದರೂ ರೇಗುತ್ತೇನೆ. ಯಾಕೆ ರೇಗುತ್ತಿದ್ದೇನೆ ಎಂದು ಈಗ ಮನೆಯವರಿಗೆಲ್ಲ ಗೊತ್ತು.